ಮರುತಪಾಸಣೆ

ಮಂಗಳವಾರ ನರ್ಸ್ ಬಂದಿದ್ದಳು,
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ.
ಅಡುಗೆಮನೆಯ ಮೇಜಿನ ಮೇಲೆ ನನ್ನ ಎಡಗೈ ಚಾಚಿಸಿ
ಮೂರು ಕೊಳವೆ ರಕ್ತ ತೆಗೆದಳು,
ತೂಕ ಬರೆದುಕೊಂಡಳು, ಎತ್ತರ ಬರೆದುಕೊಂಡಳು,
ಅಪ್ಪ ಯಾವುದರಿಂದ ಹೋದರು, ಎಷ್ಟನೆಯ ವಯಸ್ಸಿಗೆ,
ಎಂದು ಕೇಳಿ ಪೆನ್ನು ಎತ್ತಿ ಕಾದಳು.
ಎದೆಯಿಂದ, ಐವತ್ತೆಂಟಕ್ಕೆ, ಎಂದೆ.
ಅವಳು ಬರೆದದ್ದು ಬರೀ ಎರಡಂಕಿ.

ಇವತ್ತು ನನ್ನ ಸರದಿ.

ಕಂಪನಿಯೇ, ಬಾ, ಕೂತುಕೋ.
ತೋಳು ಮಡಚು.
ಮೂವತ್ತು ವರ್ಷ ಕೊಡುತ್ತಾ ಹೋಗುವವಳು ನಾನು,
ಒಂದೇ ಒಂದು ದಿನ ಕೊಡಬೇಕಾದ್ದು ನೀನು;
ಆ ದಿನ ಕೇಳಲಿಕ್ಕೆ ನಾನಿರುವುದಿಲ್ಲ.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ:
ಚೀಟಿ ನಡೆಸಿ ಓಡಿಹೋದವನ ಬೀಗದ ಮುಂದೆ ನಿಂತು
ನಮ್ಮಜ್ಜಿ ಹೇಳಿದ ಮಾತು.
ಇಲ್ಲಿ, ಡೆ ಮಾಯ್ನ್ ಪೇಟೆಯಲ್ಲಿ,
ಈರಭದ್ರನಿಗೆ ಇಪ್ಪತ್ತೈದು ಅಂತಸ್ತು,
ಹಿತ್ತಾಳೆ ಬಾಗಿಲು, ಒಳಗೊಂದು ಕಾರಂಜಿ.

"ಕಾರಂಜಿ ನೋಡಬೇಡ," ಅನ್ನುತ್ತಾನೆ ವರ್ಲಿನ್ ಟ್ಯಾಡನ್,
ಪಕ್ಕದ ಇಟ್ಟಿಗೆ ಮನೆಯವನು,
ರಾಜ್ಯದ ವಿಮಾ ಇಲಾಖೆಯಲ್ಲಿ ಮೂವತ್ತೊಂದು ವರ್ಷ
ಕಂಪನಿಗಳ ಕಡತ ಕೆದಕಿ ನಿವೃತ್ತನಾದವನು.
ಹಿಮದ ಸಲಿಕೆ ಗೋಡೆಗೊರಗಿಸಿ, ಕಾಫಿಗೆ ಕೂತು,
ವಾರ್ಷಿಕ ವರದಿಯ ಮೊದಲ ನಲವತ್ತು ಪುಟ
(ನಗುವ ಅಜ್ಜ, ಗಾಳಿಪಟದ ಮಗು)
ಒಂದೇ ಹಿಡಿಗೆ ಮಗುಚುತ್ತಾನೆ.
"ಹಣ ರಾತ್ರಿ ಎಲ್ಲಿ ಮಲಗುತ್ತದೆ, ಅದನ್ನು ಹುಡುಕು."

ಹುಡುಕಿದೆ.
ಸರ್ಕಾರಿ ಸಾಲಪತ್ರಗಳಲ್ಲಿ ಇಷ್ಟು; ಗಾಢನಿದ್ದೆ.
ಓಮಾಹಾದ ಖಾಲಿ ಮಾಲಿನ ಅಡಮಾನದಲ್ಲಿ ಇಷ್ಟು;
ಒಂದು ಕಣ್ಣು ತೆರೆದೇ ನಿದ್ದೆ.
ಹೆಸರೇ ಕೇಳದವರ ಹೆಚ್ಚು ಬಡ್ಡಿಯ ಬಾಂಡುಗಳಲ್ಲಿ ಇಷ್ಟು.
ಬಡ್ಡಿಯಾಸೆಗೆ ಅಸಲು, ಎಂದು ಶುರು ಮಾಡಿದ್ದನ್ನು
ಅರ್ಧಕ್ಕೇ ನುಂಗಿದೆ.
ಕೊನೆಗೊಂದು ಅಡಿಟಿಪ್ಪಣಿ, ಇರುವೆಯಕ್ಷರದಲ್ಲಿ:
ಬರ್ಮುಡಾದಲ್ಲಿ ಇದರದೇ ಮಗಳು ಕಂಪನಿ,
ಅವಳ ತಲೆಯ ಮೇಲೆ ತಾಯಿಯ ಹೊರೆ, ಮೂರರಲ್ಲೊಂದು ಪಾಲು.
"ಎಡಗೈ ಸಾಲ ಬಲಗೈಗೆ ದಾಟಿಸಿ,
ನೋಡಿ ಎಡಗೈ ಎಷ್ಟು ಹಗುರ, ಅನ್ನುವುದು."
ವರ್ಲಿನ್ ಕಪ್ಪಿನ ತಳ ನೋಡುತ್ತಾನೆ.

ಎ ಪ್ಲಸ್ ಕೊಟ್ಟಿದ್ದಾರಲ್ಲ?

"ಯಾರು? ಒಬ್ಬರ ಏಣಿಯಲ್ಲಿ ಎ ಪ್ಲಸ್ ಮೇಲಿನಿಂದ ಎರಡನೆಯ ಮೆಟ್ಟಿಲು,
ಇನ್ನೊಬ್ಬರದರಲ್ಲಿ ಐದನೆಯದು.
ಏಣಿ ಯಾರದೆಂದು ಕೇಳು, ಆಮೇಲೆ ಮೆಟ್ಟಿಲೆಣಿಸು."

ಮುಳುಗಿದ್ದನ್ನು ನೋಡಿದ್ದೀಯಾ?
ಎರಡು, ಅಂದ. ಒಂದರ ಬಾಗಿಲಿಗೆ ನಾನೇ ನೋಟೀಸು ಅಂಟಿಸಿದ್ದು.
ಹಿಂದಿನ ಶುಕ್ರವಾರದವರೆಗೂ ಅದಕ್ಕೂ ಒಳ್ಳೆಯ ಅಕ್ಷರವೇ ಇತ್ತು.
ಪಾರ್ಕಿಂಗ್ ಲಾಟಿನಲ್ಲಿ ಜನ ನಿಂತಿದ್ದರು, ಟೋಪಿ ಕೈಯಲ್ಲಿ ಹಿಡಿದು,
ಹೆಣ ನೋಡಲು ಬಂದವರ ಹಾಗೆ.
ಉಳಿದ ಕಂಪನಿಗಳು ಸೇರಿ ಒಂದು ಮಿತಿಯವರೆಗೆ ತುಂಬಿಕೊಟ್ಟವು.
ಮಿತಿಯಾಚೆ ಉಳಿದವರ ಹೆಸರು ಅವನಿಗೆ ಇನ್ನೂ ಬಾಯಿಪಾಠ.
ಹೇಳಲಿಲ್ಲ.

ಮೇಜಿನ ಆ ತುದಿಯಲ್ಲಿ ಚಿರಂತ್,
ಹನ್ನೊಂದು ವರ್ಷ, ಮಾತಿಲ್ಲ,
ಪೆನ್ನಿ ನಾಣ್ಯಗಳ ಗೋಪುರ ಕಟ್ಟುತ್ತಿದ್ದಾನೆ.
ಕಪ್ಪಾದದ್ದು ಬಂದರೆ ಕಿಟಕಿಗೆ ಹಿಡಿದು, ಮೂಸಿ,
ಪಕ್ಕಕ್ಕಿಡುತ್ತಾನೆ. ಆತುರವಿಲ್ಲ.
ಇವನಿಗೆ ದಿನಾ ಬೆಳಿಗ್ಗೆ ಸಾಕ್ಸನ್ನು
ಒಳಮೈ ಹೊರಗೆ ಮಾಡಿ ತೊಡಿಸಬೇಕು,
ಹೊಲಿಗೆ ಬೆರಳಿಗೆ ತಾಗಬಾರದು.
ನನ್ನ ಬಳಿಕ ಅದನ್ನು ಯಾರೋ ಮಾಡಬೇಕು.
ಕಂಪನಿಯೇ, ಆ ಯಾರಿಗೋ ಸಂಬಳ ಕೊಡಬೇಕಾದ್ದು ನೀನು.
ಕೆಮ್ಮು.
ಇನ್ನೊಮ್ಮೆ ಕೆಮ್ಮು.

ಇನ್ನೆರಡು ವಾರಕ್ಕೆ ಅದರ ಕಾಗದ ಬರುತ್ತದೆ,
ಅಪ್ಪನ ಎದೆಯ ಲೆಕ್ಕಕ್ಕೆ ತುಸು ಹೆಚ್ಚು ಕಟ್ಟು ಎಂದು.
ಆಗಲಿ. ನಾನೂ ಅರ್ಧವನ್ನಷ್ಟೇ ಇಲ್ಲಿಡುತ್ತೇನೆ,
ಇನ್ನರ್ಧ ಕಾರಂಜಿಯಿಲ್ಲದ ಇನ್ನೊಂದು ಬಾಗಿಲಿಗೆ.
ಸಾಲಕ್ಕೆ ಮಿಕ್ಕಿ ಉಳಿದದ್ದೆಷ್ಟು, ನೂರಕ್ಕೆ,
ವರದಿಯ ಅಂಚಿನಲ್ಲಿ ಎರಡಂಕಿ ಬರೆಯಲು
ಪೆನ್ನು ತೆಗೆದೆ.

"ಪೆನ್ಸಿಲಲ್ಲಿ," ಅಂದ ವರ್ಲಿನ್,
ಸಲಿಕೆ ಎತ್ತಿಕೊಳ್ಳುತ್ತಾ.
"ಮುಂದಿನ ವರ್ಷ ಮತ್ತೆ ನೋಡಬೇಕಲ್ಲ."